ಹಾಡಿನ ತವರು

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಅರಸಬಾರದೆಂಬುದು ಹಿರಿಯರ ಮಾತು. ಅರಸಿ ಹೊರಟವನಿಗೆ ಕೊನೆಗೆ ದೊರೆಯುವುದು ಬಂಡೆಯ ಸಂದಿಯಲ್ಲಿ ಒಸರುವ ಹನಿ ನೀರು; ಅದನ್ನು ಕಂಡ ಮೇಲೆ ಕೆಳಗೆ ತುಂಬಿ ಹರಿಯುವ ಹೊಳೆಯ ಮೇಲಣ ಗೌರವವು ಕುಗ್ಗೀತೆಂಬ ಅಂಜಿಕೆಯಿಂದ ಅವರು ಹಾಗೆ ಹೇಳಿರಬೇಕು. ಹಾಡಿನ ವಿಷಯದಲ್ಲಿ ಮಾತ್ರ ಈ ವಿಧಿಯನ್ನು ಯಾರೂ ಪಾಲಿಸಿದಂತೆ ತೋರುವುದಿಲ್ಲ. ಪುರಂದರದಾಸರ ವೈರಾಗ್ಯದ ಹಿಂದೆ ಹೆಂಡತಿಯ ಮೂಗುತಿಯ ಕಥೆಯಿದೆ. ಕನಕದಾಸರ ಹೆಸರಿನೊಡನೆ ಉಡುಪಿಯ ಕಿಂಡಿಯ ಕಥೆಯಿದೆ. ಪದಗಳನ್ನು ಬಾಯಿಪಾಠ ಮಾಡದವರೂ ಈ ಕಥೆಗಳನ್ನು ಬಲ್ಲರು. ಹಾಡು ಎಲ್ಲಿಂದ ಬಂದಿತೆಂದು ಕೇಳುವುದು ಮನುಷ್ಯನ ಸ್ವಭಾವ.

ಹೆಣ್ಣುಮಗಳಿಗಿರುವಂತೆ ಹಾಡಿಗೂ ಎರಡು ಮನೆಗಳಿವೆ. ಒಂದು ಹುಟ್ಟಿದ ಮನೆ, ಇನ್ನೊಂದು ಸೇರಿದ ಮನೆ. ಕಟ್ಟಿದವನ ಮನಸ್ಸು ಅದರ ತವರು. ಕೇಳಿದವರ ಮನಸ್ಸು ಅದು ಬಾಳಬೇಕಾದ ಮನೆ. ತವರಿನಲ್ಲಿ ಒಂದು ಹೆಸರಿನಿಂದ ಕರೆಸಿಕೊಂಡವಳು ಅತ್ತೆಯ ಮನೆಯಲ್ಲಿ ಮತ್ತೊಂದು ಹೆಸರಿನಿಂದ ಕರೆಸಿಕೊಳ್ಳುವಂತೆ, ಹಾಡೂ ಮನೆ ಬದಲಾದಾಗ ಅರ್ಥವನ್ನು ಬದಲಾಯಿಸುವುದುಂಟು. ಈ ಬದಲಾವಣೆಯನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಪಶ್ಚಿಮ ದೇಶಗಳ ಆಲ್ಟರ್ನೇಟಿವ್ ರಾಕ್ ಎಂಬ ಗೀತಪ್ರಕಾರವು ಒಳ್ಳೆಯ ಕ್ಷೇತ್ರವಾಗಿದೆ. ಪರ್ಯಾಯ ರಾಕ್ ಎಂಬುದು ಅದರ ಶಬ್ದಾರ್ಥ. ಪೇಟೆಯ ಮುಖ್ಯ ಬೀದಿಯಲ್ಲಿ ಸ್ಥಳ ದೊರೆಯದವನು ಓಣಿಯಲ್ಲಿ ಅಂಗಡಿ ಹೂಡುವಂತೆ, 1980ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳ ಹಲವು ತರುಣ ಮೇಳಗಳು ದೊಡ್ಡ ಸಂಸ್ಥೆಗಳ ಆಶ್ರಯವಿಲ್ಲದೆ ಸಣ್ಣ ಮುದ್ರಿಕಾ ಸಂಸ್ಥೆಗಳನ್ನೂ, ಕಾಲೇಜು ವಿದ್ಯಾರ್ಥಿಗಳು ನಡೆಸುವ ರೇಡಿಯೋ ಕೇಂದ್ರಗಳನ್ನೂ ನಂಬಿ ಹಾಡಿದವು. 1991ರ ಸುಮಾರಿಗೆ ಓಣಿಯ ಅಂಗಡಿಯೇ ಮುಖ್ಯ ಬೀದಿಗೆ ಬಂದಿತು. ಗದ್ದಲದ ಸಂಗೀತವೆಂದು ಹಿರಿಯರು ಬಾಗಿಲು ಮುಚ್ಚಿಕೊಳ್ಳುವ ಈ ಹಾಡುಗಳ ಹಿಂದೆ ಇರುವ ಕಥೆಗಳಲ್ಲಿ ಕೆಲವು ನಗು ತರಿಸುವುವು. ಕೆಲವನ್ನು ಕೇಳಿದ ಮೇಲೆ ನಕ್ಕುದಕ್ಕೆ ನಾಚಿಕೆಯಾಗುವುದು.

ಅಮೆರಿಕದ ದಕ್ಷಿಣದ ಜಾರ್ಜಿಯಾ ಸಂಸ್ಥಾನದಲ್ಲಿ ಆಥೆನ್ಸ್ ಎಂಬ ವಿಶ್ವವಿದ್ಯಾನಿಲಯದ ಊರಿದೆ. ಅಲ್ಲಿ 1980ರಲ್ಲಿ ಕೂಡಿದ ಆರ್.ಇ.ಎಂ. ಎಂಬ ಮೇಳವು ಹತ್ತು ವರ್ಷ ದುಡಿದು ಹೆಸರು ಮಾಡಿತ್ತು. ಅದರ ಗಿಟಾರು ವಾದಕನಾದ ಪೀಟರ್ ಬಕ್ ಎಂಬಾತನು ಒಂದು ಮ್ಯಾಂಡೊಲಿನ್ನನ್ನು ಕೊಂಡುತಂದನು. ಅದನ್ನು ನುಡಿಸಲು ಬಾರದು. ಟೆಲಿವಿಷನ್ನಿನ ಮುಂದೆ ಕುಳಿತು, ನೋಟವನ್ನು ಅತ್ತ ಇಟ್ಟು, ಬೆರಳುಗಳನ್ನು ತಂತಿಯ ಮೇಲೆ ಓಡಿಸುತ್ತ ಅಭ್ಯಾಸ ಮಾಡುತ್ತಿದ್ದನು. ಧ್ವನಿಮುದ್ರಣ ಯಂತ್ರವು ಬದಿಯಲ್ಲಿ ನಡೆಯುತ್ತಿತ್ತು. ಮರುದಿನ ಅದನ್ನು ಕೇಳಿದಾಗ ತಪ್ಪುಹೆಜ್ಜೆಗಳ ನಡುವೆ ಒಂದು ಸೊಗಸಾದ ಸ್ವರಪಂಕ್ತಿಯು ಸಿಕ್ಕಿತು. ಅದೇ 1991ರಲ್ಲಿ ಲೋಕಪ್ರಸಿದ್ಧವಾದ 'ಲೂಸಿಂಗ್ ಮೈ ರಿಲಿಜನ್' ಎಂಬ ಹಾಡಿನ ಬೀಜ. ಕಲಿಯುವವನ ತೊದಲಿನಿಂದ ಹುಟ್ಟಿದ ಈ ಕೂಸು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 4ನೆಯ ಸ್ಥಾನದವರೆಗೆ ಏರಿತು. ಆ ಮೇಳದ ಬೇರೆ ಯಾವ ಹಾಡೂ ಅಷ್ಟು ಎತ್ತರಕ್ಕೆ ಹೋಗಲಿಲ್ಲ.

ಆ ಹೆಸರನ್ನು ಶಬ್ದಶಃ ನೋಡಿದರೆ ಧರ್ಮವನ್ನು ಕಳೆದುಕೊಳ್ಳುವುದೆಂದಾಗುವುದು. ನಾಸ್ತಿಕ್ಯದ ಹಾಡೆಂದು ಕೆಲವರು ಮೆಚ್ಚಿದರು, ಕೆಲವರು ಮುನಿದರು. ಇಬ್ಬರದೂ ತಪ್ಪು. ಅಮೆರಿಕದ ದಕ್ಷಿಣದ ಆಡುಮಾತಿನಲ್ಲಿ ಅದು ತಾಳ್ಮೆಗೆಡುವುದಕ್ಕೆ, ಇನ್ನು ಸಹಿಸಲಾರೆನೆಂಬ ಸ್ಥಿತಿಗೆ ಬರುವುದಕ್ಕೆ ಹೇಳುವ ಮಾತು. ಕನ್ನಡಿಗನೊಬ್ಬನು ತಲೆ ಕೆಟ್ಟುಹೋಯಿತೆಂದರೆ ಪರದೇಶದವನು ವೈದ್ಯನನ್ನು ಕರೆತರಲು ಓಡಿದಂತಾಯಿತು. ಹಾಡನ್ನು ಬರೆದ ಮೈಕೇಲ್ ಸ್ಟೈಪ್ ಹೇಳಿದಂತೆ ಅದರ ವಿಷಯವು ಬಾಯಿಬಿಟ್ಟು ಹೇಳಲಾರದ, ಮರುಪ್ರೀತಿ ದೊರೆಯದ ಒಲವು. ಇಷ್ಟಕ್ಕೂ ಧರ್ಮವು ಈ ಹಾಡಿಗೆ ಬಂದುದು ಬೇರೆ ಬಾಗಿಲಿನಿಂದ. ಅದರ ವಿಡಿಯೋ ಚಿತ್ರವನ್ನು ನಿರ್ದೇಶಿಸಿದವನು ಪಂಜಾಬಿನ ಜಲಂಧರದಲ್ಲಿ ಹುಟ್ಟಿದ ತಾರ್ಸೆಮ್ ಸಿಂಗ್. ಆತನು ಭಾರತೀಯ ಚಲಚ್ಚಿತ್ರಗಳ ಭಾವೋದ್ರೇಕವನ್ನೂ ಕನಸಿನಂತಹ ರಂಗಸಜ್ಜೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು, ಗಾರ್ಸಿಯಾ ಮಾರ್ಕೆಸ್‌ನ ಕಥೆಯೊಂದರ ರೆಕ್ಕೆಯ ಮುದುಕನನ್ನೂ, ಬಾಣಗಳಿಂದ ಚುಚ್ಚಿಸಿಕೊಂಡ ಕ್ರೈಸ್ತ ಸಂತನನ್ನೂ, ಹಿಂದೂ ದೇವತೆಗಳನ್ನೂ ಒಂದೇ ಚಿತ್ರಮಾಲೆಯಲ್ಲಿ ಕೂಡಿಸಿದನು. ಧರ್ಮದ ಮಾತೇ ಇಲ್ಲದ ಹಾಡಿಗೆ ಸಕಲ ದೇವತೆಗಳೂ ಅತಿಥಿಗಳಾಗಿ ಬಂದರು! ತವರಿನಲ್ಲಿ ಇಲ್ಲದ ಒಡವೆಯನ್ನು ಸೇರಿದ ಮನೆಯವರು ತೊಡಿಸಿದರೆ ತಪ್ಪೇನು? ಹಾಡಿಗೆ ಅದು ಒಪ್ಪಿತು.

ಕೇಳುಗರು ತಪ್ಪು ತಿಳಿಯುವುದು ಸಹಜ. ಹಾಡನ್ನು ಕಟ್ಟಿದವನೇ ತನ್ನ ಹಾಡಿನ ಹೆಸರನ್ನು ತಪ್ಪಾಗಿ ತಿಳಿದ ಸಂಗತಿಯೂ ಇದೇ ವರ್ಷದಲ್ಲಿ ನಡೆಯಿತು. ಅಮೆರಿಕದ ವಾಯವ್ಯ ಮೂಲೆಯ ಒಲಿಂಪಿಯಾ ಎಂಬ ಊರಿನಲ್ಲಿ ನಿರ್ವಾಣ ಎಂಬ ಮೇಳದ ಗಾಯಕನಾದ ಕರ್ಟ್ ಕೋಬೇನ್ ವಾಸವಾಗಿದ್ದನು. ಮೇಳದ ಹೆಸರು ಭಾರತದಿಂದ ಹೋದುದೆಂಬುದನ್ನು ಹೇಳಬೇಕಾದುದಿಲ್ಲ. ಒಂದು ರಾತ್ರಿ ಆತನ ಸ್ನೇಹಿತೆಯೂ ಬಿಕಿನಿ ಕಿಲ್ ಎಂಬ ಮೇಳದ ಗಾಯಕಿಯೂ ಆದ ಕ್ಯಾಥ್ಲೀನ್ ಹಾನಾ ಎಂಬಾಕೆಯು ಕುಡಿತದ ಅಮಲಿನಲ್ಲಿ ಆತನ ಕೋಣೆಯ ಗೋಡೆಯ ಮೇಲೆ ಒಂದು ವಾಕ್ಯವನ್ನು ಗೀಚಿದಳು. ಕರ್ಟನ ಮೈಯಿಂದ ಟೀನ್ ಸ್ಪಿರಿಟ್ಟಿನ ವಾಸನೆ ಬರುತ್ತಿದೆಯೆಂಬುದು ಅದರ ತಾತ್ಪರ್ಯ. ಟೀನ್ ಸ್ಪಿರಿಟ್ ಎಂದರೆ ಹದಿಹರೆಯದ ಚೇತನ. ಅಂದು ಅವರು ಕ್ರಾಂತಿಯ ವಿಚಾರವನ್ನೂ ತರುಣರ ಬಂಡಾಯದ ವಿಚಾರವನ್ನೂ ಮಾತನಾಡಿಕೊಂಡಿದ್ದರಾದುದರಿಂದ, ತನ್ನಲ್ಲಿ ಯೌವನದ ಕೆಚ್ಚು ಇನ್ನೂ ಆರಿಲ್ಲವೆಂದು ಆಕೆಯು ಹೊಗಳಿರುವಳೆಂದು ಕೋಬೇನ್ ಹಿಗ್ಗಿದನು. ಹಾಡಿಗೆ ಅದನ್ನೇ ಹೆಸರಾಗಿ ಇಟ್ಟನು.

ಆದರೆ ಟೀನ್ ಸ್ಪಿರಿಟ್ ಎಂಬುದು ಬೆವರಿನ ನಾತವನ್ನು ಮರೆಮಾಡಲು ಹುಡುಗಿಯರು ಬಳಸುವ ಒಂದು ಸುಗಂಧದ್ರವ್ಯದ ಹೆಸರು. ಆತನ ಗೆಳತಿಯು ಅದನ್ನು ಬಳಸುತ್ತಿದ್ದಳು. ಆ ವಾಸನೆ ಆತನಿಗೂ ಅಂಟಿದೆಯೆಂದು ಹಾನಾ ಹಾಸ್ಯಮಾಡಿದ್ದಳು, ಅಷ್ಟೆ. 1991ರ ಸೆಪ್ಟೆಂಬರಿನಲ್ಲಿ ಹಾಡು ಹೊರಬಿದ್ದು ಕೆಲವು ತಿಂಗಳುಗಳಾದ ಮೇಲೆ ಆತನಿಗೆ ಈ ಸಂಗತಿ ತಿಳಿಯಿತು. ಅಷ್ಟರಲ್ಲಿ ಒಂದು ಪೀಳಿಗೆಯ ಯುವಕರು ಅದನ್ನು ತಮ್ಮ ರಣಗೀತೆಯಾಗಿ ಸ್ವೀಕರಿಸಿ ಆಗಿತ್ತು. 1992ರ ಜನವರಿಯಲ್ಲಿ ಆ ಹಾಡಿದ್ದ 'ನೆವರ್‌ಮೈಂಡ್' ಎಂಬ ಗೀತಸಂಪುಟವು ಮೈಕೇಲ್ ಜಾಕ್ಸನ್ನನ ಸಂಪುಟವನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಬಂದಿತು. ವ್ಯಾಪಾರದ ವಸ್ತುವೊಂದರ ಹೆಸರು ವ್ಯಾಪಾರವನ್ನು ಧಿಕ್ಕರಿಸುವವರ ಘೋಷಣೆಯಾದುದು ವಿಧಿಯ ಹಾಸ್ಯವೇ ಸರಿ. ಆದರೂ ಆ ಯುವಕರ ಕೋಪವು ಸುಳ್ಳಾಗಿರಲಿಲ್ಲ. ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹಾಡೂ ನಿಜವಾದ ಭಾವಕ್ಕೆ ಪಾತ್ರೆಯಾಗಬಲ್ಲುದು. ಕೋಬೇನ್ ಮಾತ್ರ ಆ ಕೀರ್ತಿಯ ಭಾರವನ್ನು ಬಹುಕಾಲ ಹೊರಲಿಲ್ಲ. 1994ರ ಏಪ್ರಿಲಿನಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ, ತಾನಾಗಿ ಪ್ರಾಣವನ್ನು ನೀಗಿದನು.

ತಂದೆಗೆ ಬೇಡವಾದ ಮಕ್ಕಳೂ ಹಾಡುಗಳಲ್ಲುಂಟು. ಇಂಗ್ಲೆಂಡಿನ ರೇಡಿಯೋಹೆಡ್ ಎಂಬ ಮೇಳದ 'ಕ್ರೀಪ್' ಎಂಬ ಹಾಡು ಈ ಜಾತಿಯದು. ಎಲ್ಲರಿಗೂ ಅಸಹ್ಯನಾದವನು, ಯಾವ ಪಂಕ್ತಿಗೂ ಸಲ್ಲದವನು ಎಂಬುದು ಆ ಶಬ್ದದ ಭಾವ. ಥಾಮ್ ಯಾರ್ಕ್ ಎಂಬಾತನು ಎಕ್ಸೆಟರ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಇದನ್ನು ಬರೆದನು. 1992ರಲ್ಲಿ ಮೇಳವು ಬೇರೆ ಹಾಡುಗಳನ್ನು ಮುದ್ರಿಸಲು ಕುಳಿತಿದ್ದಾಗ ನಡುವೆ ಇದನ್ನು ನುಡಿಸಿತು. ಸ್ಕಾಟ್ ವಾಕರ್ ಎಂಬ ಹಿರಿಯ ಗಾಯಕನ ಧಾಟಿಯ ಹಾಡೆಂದು ಯಾರ್ಕ್ ವಿನೋದಕ್ಕೆ ಹೇಳಿದುದನ್ನು ನಿಜವೆಂದೇ ನಂಬಿದ ಮುದ್ರಣದ ಮೇಲ್ವಿಚಾರಕರು, ಇವರ ಅತ್ಯುತ್ತಮ ಹಾಡು ಪರರದಾಗಿದೆಯಲ್ಲಾ ಎಂದು ಮರುಗಿದರಂತೆ! ಹಾಡಿನ ಮೆತ್ತಗಿನ ನಡೆ ಗಿಟಾರು ವಾದಕನಾದ ಜಾನಿ ಗ್ರೀನ್‌ವುಡ್ಡನಿಗೆ ಹಿಡಿಸಿರಲಿಲ್ಲ. ಅದನ್ನು ಕೆಡಿಸಬೇಕೆಂದೇ ಪಲ್ಲವಿಗೆ ಮುಂಚೆ ತಂತಿಗಳನ್ನು ಕರಕರನೆ ಬಡಿದನು. ಕೆಡಿಸಲೆಂದು ಹೊಡೆದ ಆ ಏಟೇ ಹಾಡಿನ ಜೀವವಾಯಿತು. ಬಿ.ಬಿ.ಸಿ.ಯ ರೇಡಿಯೋ ಕೇಂದ್ರವು ಇದು ತೀರ ಖಿನ್ನವಾದುದೆಂದು ಬದಿಗಿಟ್ಟಿತು, ಊರಿನಲ್ಲಿ ಮಾರಾಟವಾಗಲಿಲ್ಲ. ಇಸ್ರೇಲಿನ ರೇಡಿಯೋದಲ್ಲಿಯೂ ಬಳಿಕ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೂ ಅದು ಮೊದಲು ಹೆಸರಾಗಿ, 1993ರಲ್ಲಿ ಹುಟ್ಟಿದೂರಿಗೆ ಹಿಂದಿರುಗಿದಾಗ ಎಲ್ಲರೂ ಸ್ವಾಗತಿಸಿದರು. ಮೇಳಕ್ಕೆ ಮಾತ್ರ ಅದು ಬೇಸರವಾಗಿ, ಅನೇಕ ವರ್ಷ ವೇದಿಕೆಯ ಮೇಲೆ ಅದನ್ನು ಹಾಡಲು ಹಿಂಜರಿಯಿತು. ತಾನು ಯಾರಿಗೂ ಬೇಡವಾದವನೆಂದು ಅಳುವ ಹಾಡು ಲೋಕಕ್ಕೆಲ್ಲ ಬೇಕಾಗಿ, ಹೆತ್ತವರಿಗೆ ಮಾತ್ರ ಬೇಡವಾಯಿತು.

ಶಾಪವು ಆಶೀರ್ವಾದವಾದ ಪ್ರಸಂಗವೊಂದನ್ನು ಇಲ್ಲಿಯೇ ಹೇಳಿಬಿಡಬಹುದು. ಕ್ಯಾಲಿಫೋರ್ನಿಯಾದ ಗ್ರೀನ್ ಡೇ ಮೇಳದ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗನ ಪ್ರೇಯಸಿಯು ಆತನನ್ನು ಬಿಟ್ಟು ಈಕ್ವಡಾರ್ ದೇಶಕ್ಕೆ ಹೊರಟುಹೋದಳು. ಆ ಉರಿಯಲ್ಲಿ ಆತನು ಕಟ್ಟಿದ ಹಾಡು 1997ರಲ್ಲಿ ಪ್ರಕಟವಾಯಿತು. 'ಗುಡ್ ರಿಡನ್ಸ್', ಎಂದರೆ ತೊಲಗಿತು ಪೀಡೆ ಎಂಬುದು ಅದರ ಹೆಸರು. ಆದರೆ ಗಿಟಾರಿನ ಮೃದುವಾದ ನಾದವೂ ಪಿಟೀಲುಗಳ ಇಂಪೂ ಕೂಡಿದ ಆ ಹಾಡನ್ನು ಜನರು ಬೀಳ್ಕೊಡುಗೆಯ ಹಾರೈಕೆಯೆಂದು ತಿಳಿದರು. ಅಮೆರಿಕದ ಶಾಲೆ ಕಾಲೇಜುಗಳ ಪದವಿಪ್ರದಾನ ಸಮಾರಂಭಗಳಲ್ಲಿ ತಾಯಿತಂದೆಗಳು ಅದನ್ನು ಕೇಳಿ ಕಣ್ಣೊರಸಿಕೊಳ್ಳುವರು. ಹೆಸರನ್ನು ಓದಿದವರು ಕಡಿಮೆ.

ಇದುವರೆಗಿನ ತಪ್ಪುಗಳಿಂದ ಯಾರಿಗೂ ಹಾನಿಯಾಗಲಿಲ್ಲ. ಹಾಡು ಯಾರದೆಂಬ ಪ್ರಶ್ನೆಯು ನ್ಯಾಯವಾದಿಗಳ ಕೈಗೆ ಹೋದಾಗ ನಗು ಕಡಿಮೆಯಾಗುವುದು. ಇಂಗ್ಲೆಂಡಿನ ವಿಗನ್ ಎಂಬ ಊರಿನ ದಿ ವರ್ವ್ ಮೇಳವು 1997ರಲ್ಲಿ 'ಬಿಟರ್ ಸ್ವೀಟ್ ಸಿಂಫನಿ' ಎಂಬ ಹಾಡನ್ನು ಹೊರತಂದಿತು. ಸಾಹಿತ್ಯವು ಗಾಯಕನಾದ ರಿಚರ್ಡ್ ಆಶ್‌ಕ್ರಾಫ್ಟನದು. ಅದರ ತಳಹದಿಯಾದ ಪಿಟೀಲುಗಳ ತುಣುಕು ಮಾತ್ರ ಹಳೆಯದು: ರೋಲಿಂಗ್ ಸ್ಟೋನ್ಸ್ ಮೇಳದ 1965ರ 'ದಿ ಲಾಸ್ಟ್ ಟೈಮ್' ಎಂಬ ಹಾಡಿಗೆ ಆ್ಯಂಡ್ರೂ ಓಲ್ಡಮನ ವಾದ್ಯಗೋಷ್ಠಿಯು ಮಾಡಿದ ರೂಪಾಂತರದಿಂದ ತೆಗೆದುದು. ಒಪ್ಪಂದಕ್ಕಿಂತ ಹೆಚ್ಚು ಭಾಗವನ್ನು ಬಳಸಿದರೆಂದು ಹಕ್ಕುದಾರರು ವ್ಯಾಜ್ಯ ಹೂಡಿದರು. ಪರಿಣಾಮವಾಗಿ ಹಾಡಿನ ಕರ್ತೃಗಳೆಂದು ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ಎಂಬಿಬ್ಬರ ಹೆಸರುಗಳು ಬಂದು, ಕರ್ತೃವಿಗೆ ಸಲ್ಲುವ ವರಮಾನವು ಆಶ್‌ಕ್ರಾಫ್ಟನ ಕೈ ತಪ್ಪಿತು.

ಈಗ ಮೂಲವನ್ನು ಅರಸುತ್ತ ಹೋಗೋಣವೆಂದರೆ ಏನಾಗುವುದೆಂಬುದನ್ನು ವಾಚಕರು ನೋಡಬೇಕು. ವ್ಯಾಜ್ಯಕ್ಕೆ ಕಾರಣವಾದ ಆ ಪಿಟೀಲುಗಳ ಸ್ವರವನ್ನು ಹೆಣೆದವನು ಜ್ಯಾಗರನೂ ಅಲ್ಲ, ರಿಚರ್ಡ್ಸನೂ ಅಲ್ಲ. ಡೇವಿಡ್ ವಿಟಾಕರ್ ಎಂಬ ಸಂಯೋಜಕನು. ಆತನ ಹೆಸರು ಎಲ್ಲಿಯೂ ಬರಲಿಲ್ಲ. ರೋಲಿಂಗ್ ಸ್ಟೋನ್ಸರ ಹಾಡಾದರೂ ತಾನಾಗಿ ಹುಟ್ಟಿದುದಲ್ಲ. ಅಮೆರಿಕದ ಕರಿಯ ಜನರ ದೇವಾಲಯಗಳಲ್ಲಿ ಹಾಡುತ್ತಿದ್ದ, ಸ್ಟೇಪಲ್ ಸಿಂಗರ್ಸ್ ಎಂಬ ಕುಟುಂಬವು 1950ರ ದಶಕದಲ್ಲಿ ಮುದ್ರಿಸಿದ್ದ ಭಜನೆಯೊಂದರಿಂದ ಅದು ಮೊಳೆತಿತ್ತು. ಆ ಭಜನೆಯನ್ನು ಮೊದಲು ಹಾಡಿದ ಬಾಯಿ ಯಾವುದು? ನದಿಮೂಲದ ಮಾತು ಇಲ್ಲಿ ಎಷ್ಟು ಸಾರ್ಥಕ! ಕೊನೆಗೆ 2019ರ ಮೇ ತಿಂಗಳಿನಲ್ಲಿ ಜ್ಯಾಗರ್ ಮತ್ತು ರಿಚರ್ಡ್ಸ್ ತಮ್ಮ ಹಕ್ಕನ್ನು ಆಶ್‌ಕ್ರಾಫ್ಟನಿಗೆ ಬಿಟ್ಟುಕೊಟ್ಟರು. ಒತ್ತೆಯಲ್ಲಿದ್ದ ಹಾಡು 22 ವರ್ಷಗಳ ಮೇಲೆ ಮನೆಗೆ ಬಂದಿತು.

ವ್ಯಾಜ್ಯವಿಲ್ಲದೆ, ಹಣದ ಮಾತಿಲ್ಲದೆ, ಹಾಡೊಂದು ಒಬ್ಬನಿಂದ ಇನ್ನೊಬ್ಬನಿಗೆ ಸಂದುದೂ ಉಂಟು. ನೈನ್ ಇಂಚ್ ನೇಲ್ಸ್ ಎಂಬ ಹೆಸರಿನಿಂದ ಹಾಡುವ ಟ್ರೆಂಟ್ ರೆಜ್ನರ್ ತನ್ನ ಎಳೆವಯಸ್ಸಿನ ಕತ್ತಲೆಯಲ್ಲಿ ಬರೆದ 'ಹರ್ಟ್', ಎಂದರೆ ನೋವು ಎಂಬ ಹಾಡು 1994ರಲ್ಲಿ ಹೊರಬಂದಿತ್ತು. ಅದು ತನ್ನನ್ನು ತಾನೇ ದ್ವೇಷಿಸಿಕೊಳ್ಳುವ ತರುಣನ ಮಾತು. 2002ರಲ್ಲಿ ಜಾನಿ ಕ್ಯಾಷ್ ಎಂಬ ಹಳ್ಳಿಗಾಡಿನ ಧಾಟಿಯ ಮಹಾಗಾಯಕನು, 70 ವರ್ಷದ ರೋಗಪೀಡಿತ ವೃದ್ಧನು, ಅದನ್ನು ಹಾಡಿದನು. ಒಂದು ಹೊಲಸು ಪದದ ಬದಲು ಮುಳ್ಳಿನ ಮಾತನ್ನು ಸೇರಿಸಿದನು, ಉಳಿದುದೆಲ್ಲವೂ ಮೊದಲಿದ್ದಂತೆಯೇ. ಆದರೆ ತರುಣನ ಬಾಯಲ್ಲಿ ಹತಾಶೆಯಾಗಿದ್ದುದು ಮುದುಕನ ನಡುಗುವ ದನಿಯಲ್ಲಿ ಬಾಳಿನ ಲೆಕ್ಕವನ್ನು ಒಪ್ಪಿಸುವ ಮಾತಾಯಿತು. ಮಾರ್ಕ್ ರೊಮಾನೆಕ್ ತೆಗೆದ ಅದರ ಚಿತ್ರದಲ್ಲಿ, ಮೆಟ್ಟಿಲ ಮೇಲೆ ನಿಂತು ಗಂಡನನ್ನು ನೋಡುವ ಆತನ ಹೆಂಡತಿ ಜೂನಳ ಕಣ್ಣುಗಳನ್ನು ಕಂಡವರು ಮರೆಯಲಾರರು. 2003ರ ಮೇ ತಿಂಗಳಿನಲ್ಲಿ ಆಕೆಯು ತೀರಿಕೊಂಡಳು. ಸೆಪ್ಟೆಂಬರಿನಲ್ಲಿ ಆತನೂ ಹಿಂಬಾಲಿಸಿದನು. ತನ್ನ ಗುಟ್ಟನ್ನು ಪರರು ಹಾಡುವುದೆಂದು ಮೊದಲು ಮುಜುಗರಪಟ್ಟಿದ್ದ ರೆಜ್ನರ್ ಆ ಚಿತ್ರವನ್ನು ನೋಡಿದ ಮೇಲೆ, ಹಾಡು ಇನ್ನು ತನ್ನದಲ್ಲವೆಂದು ಒಪ್ಪಿಕೊಂಡನು. ಮಗಳನ್ನು ಒಳ್ಳೆಯ ಮನೆಗೆ ಕೊಟ್ಟ ತಂದೆಯ ಮಾತಿನಲ್ಲಿರುವ ನೋವೂ ಸಮಾಧಾನವೂ ಆ ಒಪ್ಪಿಗೆಯಲ್ಲಿವೆ.

ಇಲ್ಲಿಗೆ ನಿಲ್ಲಿಸಿದ್ದರೆ, ಹಾಡು ಕೇಳಿದವರದೇ, ಮೂಲವನ್ನು ಕೇಳಬೇಕಾದುದಿಲ್ಲವೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಕೆಲವು ಹಾಡುಗಳ ಮೂಲದಲ್ಲಿ ಕವಿಯಲ್ಲದ ಬೇರೊಬ್ಬರು ನಿಂತಿರುವರು. ಸೋಲ್ ಅಸೈಲಮ್ ಎಂಬ ಮೇಳದ ಡೇವ್ ಪರ್ನರ್ ತನ್ನ ಮನಸ್ಸಿನ ಖಿನ್ನತೆಯನ್ನು ಹಳಿ ತಪ್ಪಿ ಓಡುವ ರೈಲಿಗೆ ಹೋಲಿಸಿ 'ರನ್‌ಅವೇ ಟ್ರೇನ್' ಎಂಬ ಹಾಡನ್ನು ಬರೆದನು. ಓಡಿಹೋದ ಮಕ್ಕಳ ವಿಷಯವು ಅದರಲ್ಲಿರಲಿಲ್ಲ. 1993ರಲ್ಲಿ ಅದರ ಚಿತ್ರವನ್ನು ತೆಗೆದ ಟೋನಿ ಕೇ ಎಂಬ ನಿರ್ದೇಶಕನು ಕಾಣೆಯಾದ ನಿಜವಾದ ಮಕ್ಕಳ ಭಾವಚಿತ್ರಗಳನ್ನೂ ಹೆಸರುಗಳನ್ನೂ ಹಾಡಿನ ನಡುನಡುವೆ ತೋರಿಸಿದನು. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಮಕ್ಕಳ ಮುಖಗಳು. ಹಾಡಿನ ದೆಸೆಯಿಂದ ಕೆಲವರು ಪತ್ತೆಯಾಗಿ ಮನೆ ಸೇರಿದರು. ಒಂದು ಹಾಡು ಇದಕ್ಕಿಂತ ಹೆಚ್ಚಾಗಿ ಏನನ್ನು ಮಾಡಬೇಕು? ಆದರೂ ಪತ್ತೆಯಾದವರೆಲ್ಲರ ಕಥೆಯೂ ಸುಖಾಂತವಾಗಲಿಲ್ಲ. ಕೆಲವರು ಆ ವೇಳೆಗೆ ಬದುಕಿರಲಿಲ್ಲ. ಮತ್ತೆ ಕೆಲವರಿಗೆ ಓಡಿಹೋಗಲು ತಕ್ಕ ಕಾರಣವಿತ್ತು, ಅವರು ಅದೇ ಮನೆಗೆ ಹಿಂದಿರುಗಬೇಕಾಯಿತು. ಹಾಡಿನ ಪುಣ್ಯದೊಡನೆ ಹಾಡಿಗೆ ತಿಳಿಯದ ಪಾಪವೂ ಬೆರೆಯಿತು.

1991ರ ಜನವರಿ 8ರಂದು ಟೆಕ್ಸಸ್ ಸಂಸ್ಥಾನದ ಶಾಲೆಯೊಂದರಲ್ಲಿ 15 ವರ್ಷದ ಹುಡುಗನೊಬ್ಬನು ತರಗತಿಯ ಎಲ್ಲರ ಮುಂದೆ ಪ್ರಾಣವನ್ನು ಕಳೆದುಕೊಂಡನು. ಪತ್ರಿಕೆಯಲ್ಲಿ ಒಂದು ಸಣ್ಣ ವರದಿ ಬಂದಿತು. ಪರ್ಲ್ ಜ್ಯಾಮ್ ಎಂಬ ಮೇಳದ ಎಡ್ಡಿ ವೆಡ್ಡರ್ ಅದನ್ನು ಓದಿದನು. ಒಂದು ಜೀವವು ಹಾಗೆ ಹೋದರೂ ಪತ್ರಿಕೆಯಲ್ಲಿ ಉಳಿಯುವುದು ನಾಲ್ಕು ಸಾಲುಗಳೇ ಎಂಬ ಸಂಕಟದಿಂದ ಹುಡುಗನ ಹೆಸರನ್ನೇ ಇಟ್ಟು 'ಜೆರಮಿ' ಎಂಬ ಹಾಡನ್ನು ಬರೆದನು. ಉದ್ದೇಶವು ಒಳ್ಳೆಯದು, ಕರುಣೆಯು ನಿಜವಾದುದು. 1992ರಲ್ಲಿ ಮಾರ್ಕ್ ಪೆಲ್ಲಿಂಗ್ಟನ್ ಅದಕ್ಕೆ ಚಿತ್ರವನ್ನು ತೆಗೆದನು. ಕೊನೆಯ ದೃಶ್ಯವನ್ನು ಇದ್ದಂತೆ ತೋರಿಸಲು ದೂರದರ್ಶನದ ನಿಯಮವು ಬಿಡಲಿಲ್ಲವಾಗಿ ಅದನ್ನು ಕತ್ತರಿಸಿದರು. ಕತ್ತರಿಸಿದ ಮೇಲೆ ಉಳಿದುದು ಕೈಯೆತ್ತಿ ಶಿಲೆಯಂತೆ ಕುಳಿತ, ಬಟ್ಟೆಯ ಮೇಲೆ ನೆತ್ತರು ಸಿಡಿದ ಸಹಪಾಠಿಗಳ ನೋಟ. ಅದನ್ನು ಕಂಡ ಅನೇಕರು ಹುಡುಗನು ತನ್ನ ಜೊತೆಗಾರರನ್ನು ಕೊಂದನೆಂದು ತಿಳಿದರು! ಯಾರಿಗೂ ಕೇಡುಮಾಡದೆ ಸತ್ತವನು ಲಕ್ಷಾಂತರ ಜನರ ಕಣ್ಣಿನಲ್ಲಿ ಕೊಲೆಗಾರನಾದನು. 1993ರಲ್ಲಿ ಆ ಚಿತ್ರಕ್ಕೆ ವರ್ಷದ ಅತ್ಯುತ್ತಮ ಚಿತ್ರವೆಂಬ ಬಹುಮಾನ ಬಂದಿತು. ಮೇಳವು ಆಮೇಲೆ ಹಲವು ವರ್ಷ ಇಂತಹ ಚಿತ್ರಗಳ ಗೊಡವೆಗೇ ಹೋಗಲಿಲ್ಲ. ಕತ್ತರಿಸದ ರೂಪವು ಸಾರ್ವಜನಿಕರಿಗೆ ದೊರೆತುದು 2020ರಲ್ಲಿ.

ಹುಡುಗನ ತಾಯಿಯು ಇಪ್ಪತ್ತೇಳು ವರ್ಷಗಳ ಮೌನದ ಬಳಿಕ 2018ರಲ್ಲಿ ಬಾಯಿಬಿಟ್ಟಳು. ತನ್ನ ಮಗನ ಬಾಳನ್ನು ಆತನು ಸತ್ತ ದಿನವೊಂದರಿಂದ ಅಳೆಯಬಾರದು, ಆತನೂ ಒಬ್ಬ ಮಗನಾಗಿದ್ದನು ಎಂಬುದು ಆಕೆಯ ಮಾತಿನ ತಿರುಳು. ಇದಕ್ಕೆ ಉತ್ತರವೇನಿದೆ? ಹಾಡು ಸೇರಿದ ಮನೆಯಲ್ಲಿ ಎಷ್ಟು ಮೆರೆದರೂ, ತವರಿನಲ್ಲಿ ಒಬ್ಬ ತಾಯಿ ಬಾಗಿಲಲ್ಲಿ ನಿಂತಿರುವಳು. ಅರ್ಥವನ್ನು ತನಗೆ ತೋರಿದಂತೆ ಮಾಡಿಕೊಳ್ಳುವ ಕೇಳುಗನ ಸ್ವಾತಂತ್ರ್ಯವು ಆ ಬಾಗಿಲ ಮುಂದೆ ಸ್ವಲ್ಪ ತಲೆ ತಗ್ಗಿಸಬೇಕಾಗುವುದು.

ಮತ್ತೊಂದು ಕಥೆಯಿಂದ ಈ ಮಾತು ಇನ್ನೂ ಸ್ಪಷ್ಟವಾಗುವುದು. 1993ರ ಮಾರ್ಚ್ 20, ಶನಿವಾರ. ಮರುದಿನ ಇಂಗ್ಲೆಂಡಿನಲ್ಲಿ ಮಾತೃಪೂಜೆಯ ಭಾನುವಾರ. ವಾರಿಂಗ್ಟನ್ ಎಂಬ ಊರಿನ ಅಂಗಡಿಬೀದಿಯಲ್ಲಿ ಜನರ ಸಂದಣಿ. ಐರಿಷ್ ಗಣರಾಜ್ಯ ಸೈನ್ಯವೆಂದು ಕರೆದುಕೊಳ್ಳುವ ಗುಪ್ತಪಡೆಯವರು ಕಸದ ತೊಟ್ಟಿಗಳಲ್ಲಿ ಬಚ್ಚಿಟ್ಟಿದ್ದ ಬಾಂಬುಗಳು ಸಿಡಿದವು. 3 ವರ್ಷದ ಮಗುವೊಂದು ಅಲ್ಲಿಯೇ ಮಡಿಯಿತು. 12 ವರ್ಷದ ಬಾಲಕನೊಬ್ಬನು ಐದು ದಿನಗಳ ಮೇಲೆ ತೀರಿಕೊಂಡನು. ಆ ವೇಳೆಗೆ ಐರ್ಲೆಂಡಿನ ಲಿಮರಿಕ್ ಪ್ರಾಂತದ ಕ್ರ್ಯಾನ್‌ಬೆರೀಸ್ ಎಂಬ ಮೇಳವು ಇಂಗ್ಲೆಂಡಿನಲ್ಲಿ ಸಂಚರಿಸುತ್ತಿತ್ತು. ಅದರ ಗಾಯಕಿಯಾದ ಡೊಲೊರೆಸ್ ಓರಿಯೊರ್ಡನ್‌ಳಿಗೆ ಇನ್ನೂ 21 ವರ್ಷ. ತನ್ನ ನಾಡಿನ ಹೆಸರಿನಲ್ಲಿ ಮಕ್ಕಳನ್ನು ಕೊಂದರೆಂಬ ಸಂಗತಿಯು ಆಕೆಯ ಎದೆಗೆ ನಾಟಿತು. ಮೊದಲು ಮೆತ್ತಗೆ ಗಿಟಾರಿನ ಮೇಲೆ ಕಟ್ಟಿದ ಹಾಡನ್ನು, ಕೋಪವು ಮೆತ್ತಗಿರಲಾರದೆಂದು, ಮೇಳದವರೊಡನೆ ಗುಡುಗಿನಂತೆ ಹಾಡಿದಳು. 1994ರಲ್ಲಿ ಅದು 'ಜೋಂಬಿ', ಎಂದರೆ ನಡೆದಾಡುವ ಹೆಣವೆಂಬ ಹೆಸರಿನಿಂದ ಹೊರಬಂದಿತು. ವಿಚಾರವಿಲ್ಲದೆ ಹಳೆಯ ಹಗೆಯನ್ನೇ ಹೊತ್ತು ನಡೆಯುವವರನ್ನು ಆಕೆಯು ಹಾಗೆ ಕರೆದಳು.

ಆಕೆಯನ್ನು ಹೊಗಳಿದಂತೆ ತೆಗಳಿದವರೂ ಇದ್ದರು. ಉತ್ತರ ಐರ್ಲೆಂಡಿನ ಕಲಹದಲ್ಲಿ ಇನ್ನೊಂದು ಪಕ್ಷದವರ ಕೈಯಿಂದ ಸತ್ತವರ ಹೆಸರನ್ನು ಆಕೆ ಏಕೆ ಎತ್ತಲಿಲ್ಲವೆಂಬುದು ಅವರ ಆಕ್ಷೇಪಣೆ. ರಾಜಕೀಯದ ತಕ್ಕಡಿಗೆ ಎರಡು ತಟ್ಟೆಗಳು ಬೇಕು. ಸತ್ತ ಮಗುವನ್ನು ನೋಡಿ ಅಳುವವಳಿಗೆ ತಕ್ಕಡಿಯು ನೆನಪಾಗುವುದಿಲ್ಲ. ವರ್ಷಗಳು ಕಳೆದವು. ಹಾಡು ಹುಟ್ಟಿದ ಕಾರಣವನ್ನು ಅರಿಯದ ಹೊಸ ಪೀಳಿಗೆಯು ಅದನ್ನು ಉತ್ಸಾಹದ ಗೀತೆಯಾಗಿ ಹಾಡಿತು. 2023ರ ರಗ್ಬಿ ವಿಶ್ವಕಪ್ಪಿನಲ್ಲಿ ಐರ್ಲೆಂಡ್ ತಂಡವು ಪ್ಯಾರಿಸಿನಲ್ಲಿ ದಕ್ಷಿಣ ಆಫ್ರಿಕವನ್ನು ಸೋಲಿಸಿದಾಗ ಸಾವಿರಾರು ಕಂಠಗಳು ಅದನ್ನು ವಿಜಯಗೀತೆಯಾಗಿ ಎತ್ತಿದವು. ಅದು ಸರಿಯೇ ತಪ್ಪೇ ಎಂದು ಮತ್ತೆ ವಾದವು ಎದ್ದಿತು. ಆಕೆಯು ಅಷ್ಟರಲ್ಲಿ ಇರಲಿಲ್ಲ. 2018ರ ಜನವರಿ 15ರಂದು ಲಂಡನ್ನಿನಲ್ಲಿ ತೀರಿಕೊಂಡಿದ್ದಳು.

ಆಕೆ ಸತ್ತ ಸುದ್ದಿಯ ಹಿಂದೆಯೇ ನಡೆದ ಸಂಗತಿಯೊಂದಿದೆ. ವಾರಿಂಗ್ಟನ್ನಿನಲ್ಲಿ ಮಡಿದ 12 ವರ್ಷದ ಬಾಲಕನ ತಂದೆಯು, ಮಗನ ನೆನಪಿಗಾಗಿ ಶಾಂತಿಯ ಕೆಲಸಕ್ಕೆ ತನ್ನ ಬಾಳನ್ನು ಕೊಟ್ಟವನು, ಆ ಹಾಡು ತನ್ನ ಮನೆಯ ದುಃಖದಿಂದ ಹುಟ್ಟಿದುದೆಂಬುದನ್ನು ಅದುವರೆಗೆ ಅರಿತಿರಲಿಲ್ಲ! ಕೆಲಸದಿಂದ ಮನೆಗೆ ಬಂದ ಹೆಂಡತಿಯು ಸುದ್ದಿಯನ್ನು ತಿಳಿಸಿದಳು. ಆತನು ಕಂಪ್ಯೂಟರಿನಲ್ಲಿ ಹಾಡನ್ನು ಹುಡುಕಿ, ಆಕೆಯು ಹಾಡುವುದನ್ನು ನೋಡಿ, ಮಾತುಗಳಿಗೆ ಕಿವಿಗೊಟ್ಟನು. ಅವು ಭವ್ಯವೂ ನಿಜವೂ ಆಗಿವೆಯೆಂದು ಮರುದಿನ ರೇಡಿಯೋದಲ್ಲಿ ಹೇಳಿದನು. ಲೋಕವೆಲ್ಲವೂ ಹಾಡಿ ಕುಣಿದ ಹಾಡು, ಹುಟ್ಟಿ ಇಪ್ಪತ್ತೈದು ವರ್ಷಗಳಾಗುವ ಹೊತ್ತಿಗೆ, ಹೀಗೆ ತವರಿನ ಬಾಗಿಲನ್ನು ತಟ್ಟಿತು. ಕರೆದುಕೊಂಡು ಬಂದವಳು ಹಿಂದಿನ ದಿನವಷ್ಟೆ ಹೊರಟುಹೋಗಿದ್ದಳು.

ಮೂಲವನ್ನು ಅರಸಬಾರದೆಂದ ಹಿರಿಯರ ಮಾತು ಸುಳ್ಳಲ್ಲ. ಮ್ಯಾಂಡೊಲಿನ್ನಿನ ತೊದಲನ್ನೂ ಸುಗಂಧದ್ರವ್ಯದ ಹೆಸರನ್ನೂ ತಿಳಿಯದವನಿಗೆ ಹಾಡಿನ ಸುಖವೇನೂ ಕಡಿಮೆಯಾಗದು. ತಿಳಿದವನಿಗೆ ಒಂದು ಮುಗುಳ್ನಗೆಯು ಹೆಚ್ಚಿನ ಲಾಭ. ಹಾಡನ್ನು ತನ್ನದನ್ನಾಗಿ ಮಾಡಿಕೊಳ್ಳುವ ಹಕ್ಕು ಕೇಳುಗನಿಗೆ ಉಂಟು. ಆ ಹಕ್ಕಿಲ್ಲದಿದ್ದರೆ ಕ್ಯಾಷನ ಮುದಿದನಿಯೂ ಇರುತ್ತಿರಲಿಲ್ಲ, ಪದವಿಪ್ರದಾನದ ದಿನ ಒರಸಿಕೊಂಡ ಕಣ್ಣೀರೂ ಇರುತ್ತಿರಲಿಲ್ಲ. ಆದರೆ ಎಲ್ಲ ನದಿಗಳ ಮೂಲದಲ್ಲಿಯೂ ಬರಿಯ ಬಂಡೆ ಇರುವುದಿಲ್ಲ. ಕೆಲವು ಹಾಡುಗಳ ಮೂಲದಲ್ಲಿ ಒಬ್ಬ ಹುಡುಗನಿರುವನು, ಒಂದು ಮಗುವಿರುವುದು, ಅವರನ್ನು ಹೆತ್ತವರಿರುವರು. ಅಂತಹ ಹಾಡನ್ನು ಪ್ರೀತಿಸುವವನು ಒಮ್ಮೆಯಾದರೂ ಹೊಳೆಯ ದಂಡೆಯನ್ನು ಹಿಡಿದು ಮೇಲಕ್ಕೆ ನಡೆದು ಹೋಗಿ, ಅಲ್ಲಿ ನಿಂತಿರುವವರನ್ನು ಕಂಡು ಬರುವುದು ಲೇಸು. ಹಿಂದಿರುಗಿದ ಮೇಲೆಯೂ ಆತನು ಅದನ್ನೇ ಹಾಡುವನು; ದನಿಯು ಮಾತ್ರ ಸ್ವಲ್ಪ ತಗ್ಗಿರುವುದು.